ಮೈಕ್ ಕೆಳಗಿಳಿಸು

"ನಾನು ಹಾಡಲ್ಲ," ಎಂದಳು ಮುನಿವೆಂಕಟಮ್ಮ.

ಸಂಘದ ಕಾರ್ಯದರ್ಶಿ ಮುನಿಕೃಷ್ಣನ ಮುಖ ಸಣ್ಣದಾಯಿತು. ದೇವನಹಳ್ಳಿ ಪಕ್ಕದ ವಿಜಯಪುರದ ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ಆದಿನಾರಾಯಣಪ್ಪನವರ ಫೋಟೋ, ಅದಕ್ಕೆ ಸುಗಂಧರಾಜದ ಹಾರ. ಅವರು ಊರೂರು ತಿರುಗಿಸಿ ಬೆಳಕಿಗೆ ತಂದ ಹಾಡುಗಾರ್ತಿಯೇ ಅವರ ನುಡಿನಮನದಲ್ಲಿ ಬಾಯಿ ಬಿಡದಿದ್ದರೆ ಜನ ಏನಂದುಕೊಂಡಾರು?

ಜನ ಅಂದುಕೊಳ್ಳಬೇಕಾದ್ದನ್ನೆಲ್ಲ ಎಂದೋ ಅಂದುಕೊಂಡು ಮುಗಿಸಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

ಮುಂದಿನ ಸಾಲಿನಲ್ಲಿ ತೀರಿಕೊಂಡವರ ಹೆಂಡತಿ ಕದಿರಮ್ಮ ಕೂತಿದ್ದರು. ಆಕೆಯ ಬರಿ ಹಣೆ ನೋಡಿಕೊಂಡು ಹಾಡುವ ಧೈರ್ಯ ಮುನಿವೆಂಕಟಮ್ಮನಿಗೆ ಇರಲಿಲ್ಲ.

ಭಾಷಣಕಾರರು ಎಲ್ಲರಿಗೂ ಗೊತ್ತಿದ್ದ ಕಥೆಯನ್ನೇ ಹೇಳುತ್ತಿದ್ದರು. ಆದಿನಾರಾಯಣಪ್ಪನವರದು ರೇಷ್ಮೆ ಹುರಿ ಮಾಡುವ ಕಾರ್ಖಾನೆ. ಮಿಷನ್‌ಗಳ ಅಬ್ಬರದಲ್ಲಿ ಪಕ್ಕದವರು ಕೂಗಿದರೂ ಕೇಳದು. ಅಲ್ಲಿ ಕಡಿದ ಎಳೆ ಕಟ್ಟುತ್ತಾ, ತಾನೇ ಕಟ್ಟಿದ ಹಾಡನ್ನು ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು ಒಬ್ಬಳು ಕೆಲಸದವಳು. ಯಾರಿಗೂ ಕೇಳಿಸದ ಆ ಹಾಡು, ಎದುರು ಗೋಡೆಯ ಹತ್ತಿರ ನಿಂತಿದ್ದ ಯಜಮಾನರಿಗೆ ಕೇಳಿಸಿಬಿಟ್ಟಿತು.

"ಎಂಥ ಕಿವಿ ಸ್ವಾಮಿ ಅದು!" ಎಂದರು ಭಾಷಣಕಾರರು. ಚಪ್ಪಾಳೆ ಬಿತ್ತು.

"ಕಿವಿ ಎಲ್ ಬಂತು, ಕಣ್ಣು ಅನ್ರಪ್ಪಾ," ಎಂದು ಹಿಂದೆ ಯಾರೋ ಕಿಸಕ್ಕೆಂದರು.

ಮುನಿವೆಂಕಟಮ್ಮ ತಲೆ ತಗ್ಗಿಸಿದಳು. ಅದನ್ನು ಅವಳು ಹೊಸದಾಗಿ ಕೇಳುತ್ತಿರಲಿಲ್ಲ.

ದೇವನಹಳ್ಳಿಯಾಗಲಿ ಹೊಸಕೋಟೆಯಾಗಲಿ, ಆದಿನಾರಾಯಣಪ್ಪ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಹಾಡು ಮುಗಿಯುವವರೆಗೂ ಅವಳ ಮುಖದ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮೈಕು ಸ್ವಲ್ಪ ಮೇಲಿದ್ದರೂ ಸಭೆಯೆಲ್ಲ ಬೆಚ್ಚುವಂತೆ ಕೂಗುತ್ತಿದ್ದರು: "ಮೈಕ್ ಕೆಳಗಿಳಿಸು! ಮುಖ ಮುಚ್ತದೆ!" ಸಾಹಿತ್ಯವನ್ನು ಬಾಯ್ತುಂಬ ಹೊಗಳುವರು. ರಾಗ ಹೇಗಿತ್ತು ಎಂದರೆ ಮಾತು ತೇಲಿಸುವರು. ಬೇರೆಯವರು ಹಿಂದಿನಿಂದ ಕರೆದರೆ ತಿರುಗಿಯೂ ನೋಡದಷ್ಟು ಜಂಬ. ಫೋನ್ ಮಾಡಿದರೆ ಯಾವಾಗಲೂ ಕದಿರಮ್ಮನೇ ಎತ್ತುತ್ತಿದ್ದರು. ಹೆಂಡತಿ ಕಾವಲು ಕಾಯ್ತಾಳೆ ಎಂದು ಅದಕ್ಕೂ ಜನ ನಕ್ಕರು. ಮುನಿವೆಂಕಟಮ್ಮನ ಗಂಡ ಬೈಲಪ್ಪ ಅವಳ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟ.

ಅವಳು ಯಾರ ಮಾತನ್ನೂ ನಂಬಿರಲಿಲ್ಲ. ಯಜಮಾನರನ್ನು ಅಪ್ಪನ ಹಾಗೆ ಕಂಡವಳು. ಆದರೆ ಒಂದು ಸಂಜೆ ಆವತಿಯಲ್ಲಿ ಹಾಡುತ್ತಿದ್ದಾಗ ಕರೆಂಟ್ ಹೋಯಿತು. ಮೈಕಿಲ್ಲ, ದೀಪವಿಲ್ಲ. ಅವಳು ನಿಲ್ಲಿಸಲಿಲ್ಲ.

"ಎಳೆಗೆ ಎಳೆ ಹೊಸೆದೆನೇ ಅವ್ವಾ, ಉಟ್ಟವಳ್ಯಾರೋ ನಾ ಕಾಣೆ..."

ಕತ್ತಲಲ್ಲಿ ಜನ ಉಸಿರು ಬಿಗಿಹಿಡಿದು ಕೇಳಿದರು. ಅಷ್ಟು ಚೆನ್ನಾಗಿ ಅವಳು ಎಂದೂ ಹಾಡಿರಲಿಲ್ಲ. ಹಾಡು ಮುಗಿದು ಚಪ್ಪಾಳೆಯೂ ನಿಂತ ಮೇಲೆ ದೀಪ ಬಂತು. ಮುಂದಿನ ಸಾಲಿನಿಂದ ಆದಿನಾರಾಯಣಪ್ಪ ಕೇಳಿದರು: "ಯಾಕಮ್ಮ, ಅರ್ಧಕ್ಕೇ ನಿಲ್ಲಿಸ್ಬಿಟ್ಟೆ?"

ಅವಳಿಗೆ ಅಳು ಬಂದುಬಿಟ್ಟಿತು. ಮುಖ ಕಾಣದಿದ್ದರೆ ಈ ಮನುಷ್ಯನಿಗೆ ಹಾಡೂ ಇಲ್ಲ. ಹಾಗಾದರೆ ಇಷ್ಟು ವರ್ಷ ಮೆಚ್ಚಿದ್ದು ಏನನ್ನು? ಕೇಳಲು ಬಾಯಿ ಬರಲಿಲ್ಲ. ಈಗ ಕೇಳೋಣವೆಂದರೆ ಅವರೇ ಇಲ್ಲ. ತನ್ನ ಹಾಡುಗಳಿಗೆ ನಿಜಕ್ಕೂ ಏನಾದರೂ ಬೆಲೆ ಇತ್ತೋ ಇಲ್ಲವೋ, ಅದು ಅವರ ಜೊತೆಗೇ ಮಣ್ಣಾಗಿತ್ತು.

ಕದಿರಮ್ಮ ಎದ್ದರು. ಅವರು ನೇರವಾಗಿ ಮುನಿವೆಂಕಟಮ್ಮನ ಹತ್ತಿರ ಬಂದು ನಿಂತರು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು.

"ಜನ ಆಡಿದ್ದೆಲ್ಲ ನನ್ನ ಕಿವಿಗೂ ಬಿದ್ದೈತೆ," ಎಂದರು ಕದಿರಮ್ಮ.

"ಅಕ್ಕಾ, ನಾನು..."

"ನೀನೇನೂ ಹೇಳ್ಬೇಡ. ನಾನೇ ಹೇಳ್ಬೇಕಿತ್ತು. ಆಣೆ ಹಾಕಿಸ್ಕೊಂಡಿದ್ರು. ಬಾ."

ಕೈ ಹಿಡಿದು ವೇದಿಕೆ ಹತ್ತಿಸಿದರು. ಜನಕ್ಕೆ ಬೆನ್ನು ಮಾಡಿಸಿ, ಫೋಟೋದ ಎದುರಿಗೆ ನಿಲ್ಲಿಸಿದರು. ಮುನಿಕೃಷ್ಣ ಓಡಿ ಬಂದು ಮೈಕನ್ನು ಮುನಿವೆಂಕಟಮ್ಮನ ಬಾಯಿಗೆ ಹಿಡಿದ. ಕದಿರಮ್ಮ ಅದನ್ನು ಎದೆಯ ಕೆಳಕ್ಕೆ ಒತ್ತಿದರು.

"ಅಡ್ಡ ಹಿಡೀಬೇಡಪ್ಪಾ," ಎಂದರು. "ಕಿವುಡ ಮೆಚ್ಚಿದ ಹಾಡು ಅಂತ ಇವಳ ಹಾಡಿಗೆ ಜನ ನಕ್ಕಾರು ಅಂತ ಸಾಯೋವರ್ಗೂ ಮುಚ್ಚಿಟ್ರು. ಮಿಷನ್ ಸದ್ದಿಗೆ ಚಿಕ್ಕ ವಯಸ್ಸಲ್ಲೇ ಅವ್ರ ಎರಡು ಕಿವೀನೂ ಹೋಗಿದ್ವು. ಹಾಡಮ್ಮ, ನಿನ್ನ ಒಂದೊಂದು ಹಾಡನ್ನೂ ಅವ್ರು ನಿನ್ನ ತುಟೀಲೇ ಕೇಳಿದ್ದು."