ಹಾಕದ ಅಳು

ಮನಸ್ಸಿನ ಡಾಕ್ಟರುಗಳು ರೋಗಿಯ ಮುಖ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ರೋಗಿ ಜಾಲತಾಣಕ್ಕೆ ಹಾಕಿದ ಫೋಟೋ, ಅದಕ್ಕೆ ಬಂದ ಲೈಕುಗಳನ್ನು ಫೋನಿನಲ್ಲಿ ನೋಡಿಯೇ ರೋಗ ಹೇಳುತ್ತಿದ್ದರು. ವಾರಗಳಿಂದ ನಿದ್ದೆಗೆಟ್ಟಿದ್ದ ಸುನಯನಾಳ ಫೋಟೋಗಳನ್ನು ಡಾಕ್ಟರ್ ಪ್ರಭಂಜನ ಬೆರಳಲ್ಲಿ ಸರಿಸಿದ.

“ನಿನ್ನೆ ಎಷ್ಟು ಚೆನ್ನಾಗಿ ನಕ್ಕಿದ್ದೀರಿ! ಸಾವಿರ ಜನ ಮೆಚ್ಚಿದ್ದಾರೆ. ನಿಮಗೇನಮ್ಮ ಕಷ್ಟ?”

“ಆ ಫೋಟೋ ಹಾಕಿ, ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ ಡಾಕ್ಟ್ರೇ.”

“ಅತ್ತಿದ್ದನ್ನ ಹಾಕೇ ಇಲ್ವಲ್ಲ! ಆರೋಗ್ಯವಾಗಿದ್ದೀರಿ, ಹೋಗಿ ಬನ್ನಿ.”

ಇಂಥ ಮೂಢನೆದುರು ಬಾಯಿಬಿಟ್ಟೆನಲ್ಲ ಎಂದು ಅಸಹ್ಯಪಡುತ್ತ ಸುನಯನಾ ಹೊರಬಂದಳು. ಬೆಂಚಿನ ಮೇಲೆ ಪುಟ್ಟತಾಯಮ್ಮ ಎಂಬ ಮುದುಕಿ ಮಾತ್ರೆಗಳನ್ನು ಹಿಡಿದು ಗೊಣಗುತ್ತಿದ್ದಳು.

“ನಂಗೇನೂ ಆಗಿಲ್ಲ ಕಣವ್ವ. ಫೋಟೋನೇ ಹಾಕಲ್ಲ ಅಂದಿದ್ದಕ್ಕೆ ಕಾಯಿಲೆ ಅಂದ, ಮುಠ್ಠಾಳ. ನೀನ್ಯಾಕೆ ಅತ್ತಂಗಿದ್ದೀಯ?”

ಸುನಯನಾ ಹೇಳತೊಡಗಿದಳು. ಹೇಳುತ್ತ ಹೇಳುತ್ತಲೇ ಮುದುಕಿಯ ಭುಜಕ್ಕೊರಗಿ ನಿದ್ದೆಹೋದಳು.

ಹೊರಬಂದ ಪ್ರಭಂಜನ ಇಬ್ಬರ ಫೋಟೋ ತೆಗೆದು, ‘ನನ್ನ ಚಿಕಿತ್ಸೆಯ ಫಲ’ ಎಂದು ಹಾಕಿಕೊಂಡ.