ಸುಗ್ಗಿ ಹಬ್ಬದ ಪ್ರಸಂಗ

ಸುಗಂಧಿ ವಾರದಲ್ಲಿ ಆರು ದಿನ ತನ್ನ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಸಭಾಪಾಲಕಿ. ಪಕ್ಕದೂರಿನ ಪಾಸ್ಟರ್ ದೂರು ಕೊಟ್ಟಿದ್ದರಿಂದ ಬಿಷಪ್ಪರು ಇಬ್ಬರನ್ನೂ ಕರೆಸಿದರು.

“ಕಂಪನಿ ಮುಚ್ಚಲಿ, ಇಲ್ಲಾಂದ್ರೆ ನಿಲುವಂಗಿ ಬಿಚ್ಚಿಡಲಿ,” ಎಂದರು ಪಾಸ್ಟರ್. “ಇವರು ಭಾನುವಾರ ಉಪದೇಶಿಸೋ ಪ್ರಸಂಗ ತಾವು ಬರೆಯೋದೇ ಇಲ್ಲ. ಇವರ ಕಂಪನಿಯ ಸಾಫ್ಟ್‌ವೇರ್ ಬರೆದುಕೊಡುತ್ತೆ.”

“ಎರಡರಲ್ಲಿ ಒಂದನ್ನೂ ಬಿಡೋದಿಲ್ಲ,” ಎಂದಳು ಸುಗಂಧಿ. “ಬೈಬಲ್ಲಿನ ಪೌಲನೂ ಗುಡಾರ ಹೊಲಿದುಕೊಂಡೇ ಸುವಾರ್ತೆ ಸಾರಿದ. ಅವನ ಸೂಜಿ ಯಾರೂ ಕಿತ್ಕೊಳ್ಳಲಿಲ್ಲ.” ಮೇಜಿನ ಮೇಲೆ ನೋಟ್‌ಬುಕ್ ಕುಕ್ಕಿದಳು. “ಪ್ರತಿ ಶುಕ್ರವಾರ ನನ್ನ ಕೈಯಾರೆ ಬರೀತೀನಿ. ಪುರುಸೊತ್ತಿಲ್ಲದ ಪಾಸ್ಟರುಗಳಿಗೆ ಆಗಲಿ ಅಂತ ಅದನ್ನೇ ಸಾಫ್ಟ್‌ವೇರಿಗೂ ಹಾಕ್ತೀನಿ.”

ಬಿಷಪ್ಪರು ನೋಟ್‌ಬುಕ್ಕಿನ ಪುಟ ತಿರುಗಿಸುತ್ತಾ ಕೇಳಿದರು: “ಪಾಸ್ಟರೇ, ನಿಮ್ಮ ಹತ್ತಿರ ಏನು ಸಾಕ್ಷಿ ಇದೆ?”

“ಸುಗ್ಗಿ ಹಬ್ಬದ ದಿನ ಇವರು ಮಾಡಿದ ಪ್ರಸಂಗದ ವಿಡಿಯೋ ಇದೆ. ಒಂದಕ್ಷರ ಆಚೀಚೆ ಇಲ್ಲ, ಎಲ್ಲಾ ಸಾಫ್ಟ್‌ವೇರಿನದೇ!”

“ಸಾಫ್ಟ್‌ವೇರಿನದೇ ಅಂತ ಹೇಗೆ ಹೇಳ್ತೀರಿ?”

“ಹೇಗೆ ಅಂದ್ರೆ? ಅದೇ ದಿನ ನಮ್ಮ ಸಭೇಲಿ ನಾನೂ ಅದನ್ನೇ ಓದಿದ್ದೆ!”