ಹದಿನೈದನೆಯ ಮುಖ

ಮಧ್ಯಾಹ್ನದ ಬಿಸಿಲಿಗೆ ಬೀದಿಯೆಲ್ಲ ತೂಕಡಿಸುತ್ತಿದ್ದಾಗ ಮಗ ಬಂದು, ಗೋಡೆಯ ಮೇಲಿನ ಖಾಲಿ ವೃತ್ತಕ್ಕೆ ಬೆನ್ನು ಕೊಟ್ಟು ನಿಂತ. ಅಳತೆ ತೆಗೆದು ಎಳೆದಂತೆ ಅವನ ತಲೆ ಅದರೊಳಗೆ ಸರಿಯಾಗಿ ಕೂತಿತು.

"ಅಪ್ಪ, ಸಂಘಕ್ಕೆ ಹೆಸರು ಕೊಟ್ಟು ಬಂದೆ. ನಾಳೆ ಗಡಿಗೆ ಹೊರಡ್ತೀನಿ. ನನ್ನ ಮುಖ ಈಗ್ಲೇ ಬರೆದುಬಿಡು, ಆಮೇಲೆ ನಿನ್ನ ಕೈ ನಡುಗುತ್ತೆ."

ಏಣಿಯ ಮೇಲಿದ್ದ ಪೇಂಟರ್ ಕುಂಚವನ್ನು ಡಬ್ಬಿಗೆ ಹಾಕಿ ಮಗನತ್ತ ತಿರುಗಿದ. ಗೋಡೆಯ ಮೇಲಿನ ಹದಿನಾಲ್ಕು ಮುಖಗಳನ್ನೂ ಬರೆದವನು ಅವನೇ. ಎಲ್ಲವೂ ಹೋರಾಟಕ್ಕೆ ಪ್ರಾಣ ಕೊಟ್ಟ ಹುಡುಗರವು. ಹದಿನೈದನೆಯ ವೃತ್ತವನ್ನು ಹೋರಾಟದ ಸಂಘದವರು ಮುಂದಿನವನಿಗೆಂದು ಮೊದಲೇ ಎಳೆಸಿಟ್ಟಿದ್ದರು. ತಾಯಂದಿರು ನೋಡಿ ನೊಂದುಕೊಳ್ಳಬಾರದೆಂದು ಪೇಂಟರ್ ಒಬ್ಬನ ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿದ್ದ, ಇನ್ನೊಬ್ಬನ ಸಿಡುಬಿನ ಕಲೆ ಅಳಿಸಿದ್ದ, ಎಲ್ಲರ ತಲೆಯ ಹಿಂದೆಯೂ ಹೊಂಬಣ್ಣದ ಬೆಳಕು ಚೆಲ್ಲಿದ್ದ. ಸತ್ತವರು ಬಂದು ತಕರಾರು ತೆಗೆಯುವುದುಂಟೇ? ಬಿಸಿಲು ಓರೆಯಾದಾಗ ಆ ಮುಖಗಳು ಮೆಲ್ಲಗೆ ಉಸಿರಾಡುತ್ತಿವೆ ಅನ್ನಿಸುತ್ತಿತ್ತು.

"ಯಾವ ಗುರು ನಿನ್ನ ತಲೆ ಕೆಡಿಸಿದ್ದು? ಧರ್ಮಕ್ಕೆ ಸತ್ರೆ ಸ್ವರ್ಗ ಅಂದ್ನಾ?"

"ಗುರುನೂ ಇಲ್ಲ, ಗಿರುನೂ ಇಲ್ಲ," ಮಗ ನಕ್ಕ. "ನಾನು ಪ್ರಾರ್ಥನೆಗೇ ಹೋಗಲ್ಲ ಅಂತ ಅಮ್ಮ ದಿನಾ ಬೈಯೋದು ನಿಂಗೆ ಕೇಳಿಸಲ್ವಾ? ಚಿಕ್ಕೋನಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ನೀನೇ ತೋರಿಸ್ತಿದ್ದೆ, 'ನೋಡು ಮರಿ, ಎಷ್ಟು ಚೆನ್ನಾಗಿದಾರೆ' ಅಂತ. ಬದುಕಿರೋರಲ್ಲಿ ಯಾರಾದ್ರೂ ಇಷ್ಟು ಚೆನ್ನಾಗಿದಾರಾ, ಹೇಳು?"

ಪೇಂಟರ್ ಏಣಿಯಿಂದ ಇಳಿದು, ಮಗನನ್ನು ಎದುರಿಗೆ ಕೂರಿಸಿ, ಕನಸಿನಲ್ಲಿ ಓಡಾಡುವವನಂತೆ ಬಣ್ಣ ಕಲಸಿದ. ಹೊಂಬಣ್ಣದ ಡಬ್ಬಿಯನ್ನು ಮಾತ್ರ ತೆರೆಯಲಿಲ್ಲ. ಒಂದರ ಮೇಲೊಂದು ಹತ್ತಿದ ಮುಂದಿನ ಹಲ್ಲು, ಕೆನ್ನೆಯ ಮೊಡವೆ, ಸೈಕಲ್ಲಿನಿಂದ ಬಿದ್ದಾಗ ಸೀಳಿಹೋದ ಹುಬ್ಬು, ಒಂದನ್ನೂ ಬಿಡದೆ ಬರೆದ. ಅವನಿಗೆ ಅವೆಲ್ಲ ಮುದ್ದು. ಬೀದಿಯಲ್ಲಿ ಒಂದು ಎಲೆಯೂ ಅಲುಗಲಿಲ್ಲ.

ಮಗ ಎದ್ದು ಬಂದು ನೋಡಿದ. ಅವನ ಮುಖ ಸಪ್ಪಗಾಯಿತು.

"ಏನಪ್ಪ ಇದು? ನಾನು ಅವರ ಥರ ಇಲ್ವಲ್ಲ."

"ಅವರೂ ಅವರ ಥರ ಇರ್ಲಿಲ್ಲ, ಮಗಾ."